ಫೆರಿ ಹೋಗದ ಲೆವಿಥಾ ದ್ವೀಪಕ್ಕೆ ಬಾಡಿಗೆ ಹಾಯಿದೋಣಿಯಲ್ಲಿ: ಒಂದು ವಾರದ ಅನುಭವ, ಖರ್ಚು ಮತ್ತು ವಿಮರ್ಶೆ

ಗ್ರೀಸ್‌ನ ಹೆಸರಾಂತ ದ್ವೀಪಗಳನ್ನು ನೋಡಲು ಹಾಯಿದೋಣಿಯನ್ನು ಬಾಡಿಗೆಗೆ ಹಿಡಿಯಬೇಕಾದ ಅಗತ್ಯ ಯಾರಿಗೂ ಇಲ್ಲ. ಕೋಸ್, ಪಾತ್ಮೋಸ್, ನಾಕ್ಸೋಸ್ ಮೊದಲಾದ ದ್ವೀಪಗಳಿಗೆ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ದೊಡ್ಡ ಫೆರಿಗಳು ಓಡಾಡುತ್ತವೆ, ಅವುಗಳ ಟಿಕೆಟ್ಟಿಗೆ ಆಗುವ ಖರ್ಚೂ ಕಡಿಮೆ. ಆದರೆ ಡೊಡೆಕನೀಸ್ ದ್ವೀಪಗಳಿಗೂ ಸೈಕ್ಲೇಡ್ಸ್ ದ್ವೀಪಗಳಿಗೂ ನಡುವಿನ ತೆರೆದ ಸಮುದ್ರದಲ್ಲಿ, ಲೆರೋಸ್‌ಗೆ ಪಶ್ಚಿಮಕ್ಕೆ ಸುಮಾರು 20 ನಾಟಿಕಲ್ ಮೈಲಿ ದೂರದಲ್ಲಿರುವ ಲೆವಿಥಾ ಎಂಬ ಪುಟ್ಟ ದ್ವೀಪಕ್ಕೆ ಯಾವ ಫೆರಿಯೂ ಹೋಗುವುದಿಲ್ಲ. ಸುಮಾರು 9 ಚದರ ಕಿಲೋಮೀಟರ್ ವಿಸ್ತೀರ್ಣದ ಆ ನೆಲದಲ್ಲಿ ಊರಿಲ್ಲ, ಅಂಗಡಿಯಿಲ್ಲ. ಅಲ್ಲಿ ಆಡು ಸಾಕಿಕೊಂಡು, ಮೀನು ಹಿಡಿದುಕೊಂಡು, ಬಂದ ದೋಣಿಯವರಿಗೆ ಊಟ ಹಾಕಿಕೊಂಡು ಬದುಕುತ್ತಿರುವುದು ಒಂದೇ ಕುಟುಂಬ. ಕಳೆದ ಸೆಪ್ಟೆಂಬರ್ ಮೊದಲ ವಾರದಲ್ಲಿ ನಾವು ಕೋಸ್‌ನಿಂದ ಹೊರಟು ಆ ದ್ವೀಪಕ್ಕೆ ಹೋಗಿ ಬಂದೆವು. ಕನ್ನಡದಲ್ಲಿ ಇಂಥ ಪ್ರವಾಸದ ಬಗ್ಗೆ ಓದಲು ನನಗೆ ಏನೂ ಸಿಗದ ಕಾರಣ, ಬಾಡಿಗೆ ಸೇವೆ ಹೇಗಿತ್ತು, ಹಣ ಎಲ್ಲೆಲ್ಲಿ ಹೋಯಿತು, ದ್ವೀಪ ಆ ಹಣಕ್ಕೆ ತಕ್ಕದ್ದಾಗಿತ್ತೇ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾವು ಹೋದದ್ದು ನಾಲ್ವರು: ನಾನು, ನನ್ನ ಹೆಂಡತಿ, ಅವಳ ತಮ್ಮ ಮತ್ತು ಅವನ ಹೆಂಡತಿ. ಹಿಡಿದದ್ದು 41 ಅಡಿ ಉದ್ದದ, ಮೂರು ಕೋಣೆ ಮತ್ತು ಎರಡು ಶೌಚಾಲಯಗಳಿರುವ ಹಾಯಿದೋಣಿ. ನಾಲ್ಕು ಜನಕ್ಕೆ ಎರಡು ಕೋಣೆ ಸಾಕಲ್ಲವೇ ಎಂದು ಮೊದಲು ಅನ್ನಿಸಿತ್ತು. ಆದರೆ ದೋಣಿ ನಡೆಸುವ ಸ್ಕಿಪ್ಪರ್ ಕೂಡ ಏಳು ರಾತ್ರಿ ಅದೇ ದೋಣಿಯಲ್ಲಿ ಮಲಗಬೇಕು, ಅವರಿಗೊಂದು ಕೋಣೆ ಬಿಡಬೇಕು ಎಂಬುದನ್ನು ಬುಕ್ ಮಾಡುವಾಗಲೇ ಲೆಕ್ಕಕ್ಕೆ ಹಿಡಿಯಬೇಕು. ಏಳು ದಿನಕ್ಕೆ ದೋಣಿಯ ಬಾಡಿಗೆ 2,900 ಯೂರೊ, ಸ್ಕಿಪ್ಪರ್‌ಗೆ ದಿನಕ್ಕೆ 200 ಯೂರೊ, ಕೊನೆಯ ದಿನದ ಸ್ವಚ್ಛತೆಗೆ 180 ಯೂರೊ, ಡೀಸೆಲ್‌ಗೆ ಸುಮಾರು 110 ಯೂರೊ ತಗಲಿತು. ಇದಲ್ಲದೆ 3,000 ಯೂರೊ ಠೇವಣಿಯನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯಲಾಯಿತು. ಸ್ಕಿಪ್ಪರ್ ಊಟದ ಖರ್ಚನ್ನು ಬಾಡಿಗೆಗೆ ಪಡೆದವರೇ ನೋಡಿಕೊಳ್ಳುವುದು ಅಲ್ಲಿಯ ರೂಢಿ. ವಿಮಾನ ಮತ್ತು ಷೆಂಗೆನ್ ವೀಸಾ ಖರ್ಚು ಬಿಟ್ಟರೆ ತಲೆಗೆ ಬಿದ್ದ ಮೊತ್ತ ಕೋಸ್‌ನಲ್ಲಿ ಒಳ್ಳೆಯ ಹೋಟೆಲೊಂದರಲ್ಲಿ ವಾರ ಕಳೆದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚೇ ಆಯಿತು, ಆದರೆ ನಾನು ಹೆದರಿದ್ದಷ್ಟೇನೂ ಆಗಲಿಲ್ಲ.

ಸ್ಕಿಪ್ಪರ್ ಇಲ್ಲದೆ ದೋಣಿಯನ್ನಷ್ಟೇ ಬಾಡಿಗೆಗೆ ಪಡೆಯಬೇಕಾದರೆ, ಪ್ರಯಾಣಿಕರಲ್ಲಿ ಒಬ್ಬರಿಗೆ ಮಾನ್ಯತೆ ಪಡೆದ ಹಾಯಿದೋಣಿ ಪರವಾನಗಿ ಇರಬೇಕು ಮತ್ತು ಅವರ ಜೊತೆ ಅನುಭವವಿರುವ ಎರಡನೆಯ ವ್ಯಕ್ತಿಯೊಬ್ಬರು ಇರಬೇಕು ಎಂಬುದು ಗ್ರೀಸ್‌ನ ನಿಯಮ. ನಾನು ಮಲ್ಪೆಯಲ್ಲಿ ಹುಟ್ಟಿ ಬೆಳೆದವನು, ದೋಣಿ ಮತ್ತು ಕಡಲು ನನಗೆ ಹೊಸತಲ್ಲ, ಆದರೂ ಪರವಾನಗಿ ಇಲ್ಲದ ಕಾರಣ ಸ್ಕಿಪ್ಪರ್‌ರನ್ನು ನೇಮಿಸಿಕೊಂಡೆವು. ಒಂದು ವೇಳೆ ಪರವಾನಗಿ ಇದ್ದಿದ್ದರೂ ಏಜಿಯನ್ ಸಮುದ್ರಕ್ಕೆ ಮೊದಲ ಬಾರಿ ಹೋಗುವಾಗ ನಾನು ಅದನ್ನೇ ಮಾಡುತ್ತಿದ್ದೆ. ನಮ್ಮ ಸ್ಕಿಪ್ಪರ್ ಕಲಿಮ್ನೋಸ್ ದ್ವೀಪದವರು, ಐವತ್ತು ದಾಟಿದ ಮಿತಭಾಷಿ. ಅಜ್ಜನ ಕಾಲದವರೆಗೂ ಅವರ ಮನೆಯವರು ಸಮುದ್ರದ ತಳದಿಂದ ಸ್ಪಂಜು ಕೀಳುತ್ತಿದ್ದರಂತೆ. ಕಲಿಮ್ನೋಸ್‌ನ ಸ್ಪಂಜು ಒಂದು ಕಾಲಕ್ಕೆ ಇಡೀ ಯುರೋಪಿಗೆ ಹೋಗುತ್ತಿತ್ತು, ಮತ್ತು 19ನೆಯ ಶತಮಾನದಲ್ಲಿ ಲೋಹದ ಶಿರಸ್ತ್ರಾಣವಿರುವ ಮುಳುಗು ಉಡುಪು ಬಂದ ಮೇಲೆ, ಆಳದಿಂದ ಬೇಗನೆ ಮೇಲೆ ಬರುವುದರ ಅಪಾಯ ತಿಳಿಯದೆ ಆ ದ್ವೀಪದ ಎಷ್ಟೋ ಗಂಡಸರು ಸತ್ತರು ಇಲ್ಲವೇ ಕಾಲಿನ ಸ್ವಾಧೀನ ಕಳೆದುಕೊಂಡರು. ಇದನ್ನು ಅವರು ಚುಕ್ಕಾಣಿಯ ಮೇಲಿನ ಕೈ ತೆಗೆಯದೆ, ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದರು. ಈ ಪ್ರವಾಸದಲ್ಲಿ ನಾವು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಅವರಿಗೆ ಕೊಟ್ಟ ಹಣ.

ಬಾಡಿಗೆ ಕಂಪನಿಯ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಹೆಸರು ಬರೆಯುವುದು ನನಗೆ ಸರಿ ಕಾಣುತ್ತಿಲ್ಲವಾದರೂ, ನಡೆದದ್ದನ್ನು ಮುಚ್ಚಿಡುವುದರಿಂದ ಓದುವವರಿಗೆ ಉಪಯೋಗವಿಲ್ಲ. ಶನಿವಾರದಿಂದ ಶನಿವಾರಕ್ಕೆ ಬಾಡಿಗೆ ಕೊಡುವುದು ಅಲ್ಲಿಯ ಪದ್ಧತಿಯಾದ್ದರಿಂದ, ಶನಿವಾರ ಸಂಜೆ ಕೋಸ್ ಮರೀನಾದಲ್ಲಿ ಹತ್ತಾರು ದೋಣಿಗಳು ಏಕಕಾಲಕ್ಕೆ ಕೈ ಬದಲಾಗುತ್ತವೆ ಮತ್ತು ಕಂಪನಿಯ ಸಿಬ್ಬಂದಿಗೆ ಒಂದೊಂದಕ್ಕೂ ಕೊಡಲು ಸಮಯವಿರುವುದಿಲ್ಲ. ನಮ್ಮ ದೋಣಿಯ ಜೀವರಕ್ಷಕ ಜಾಕೆಟ್, ಬೆಂಕಿ ಆರಿಸುವ ಸಾಧನ, ರೇಡಿಯೊ, ಲಂಗರಿನ ಸರಪಳಿ ಇವೆಲ್ಲವನ್ನೂ ಪಟ್ಟಿ ಹಿಡಿದು ತೋರಿಸಿದ ಹುಡುಗ, ದಡಕ್ಕೆ ಹೋಗಲು ಬಳಸುವ ರಬ್ಬರ್ ದೋಣಿಯ ಮೋಟಾರನ್ನು ಮಾತ್ರ ಚಾಲೂ ಮಾಡಿ ತೋರಿಸಲಿಲ್ಲ. ಸ್ಕಿಪ್ಪರ್ ಕೇಳಿದಾಗ, ನಿನ್ನೆಯಷ್ಟೇ ನೋಡಿದ್ದೇವೆ, ಸರಿಯಾಗಿದೆ ಎಂಬ ಉತ್ತರ ಬಂತು. ನಾವೂ ಸುಮ್ಮನಾದೆವು. ಅದು ತಪ್ಪಾಯಿತು ಎಂಬುದು ಮೂರನೆಯ ದಿನ ಗೊತ್ತಾಯಿತು.

ದೋಣಿಯೊಳಗಿನ ಬದುಕಿನ ಬಗ್ಗೆ ಒಂದಿಷ್ಟು ಹೇಳಬೇಕು, ಏಕೆಂದರೆ ಯಾಟ್ ಎಂದ ಕೂಡಲೇ ಜನರ ಕಣ್ಣಿಗೆ ಬರುವ ವೈಭವ ಇಲ್ಲಿಲ್ಲ. ಕೋಣೆ ಎಂದರೆ ಹಾಸಿಗೆಯಷ್ಟೇ ಅಗಲದ ಜಾಗ. ಸಿಹಿನೀರು ಟ್ಯಾಂಕಿನಲ್ಲಿ ಇರುವಷ್ಟೇ, ಮುಂದಿನ ಧಕ್ಕೆ ಸಿಗುವವರೆಗೆ ಅದೇ ಗತಿ. ಸಮುದ್ರದಲ್ಲಿ ಈಜಿ ಬಂದವರು ಹಿಂಬದಿಯ ಮೆಟ್ಟಿಲ ಮೇಲೆ ನಿಂತು ಒಂದೆರಡು ಚೊಂಬಿನಷ್ಟು ಸಿಹಿನೀರಿನಲ್ಲಿ ಉಪ್ಪು ತೊಳೆದುಕೊಂಡರೆ ಸ್ನಾನ ಮುಗಿಯಿತು. ಶೌಚಾಲಯದಲ್ಲಿ ಕಾಗದ ಹಾಕುವಂತಿಲ್ಲ, ಕೈಯಿಂದ ಪಂಪು ಒತ್ತಬೇಕು. ಫೋನಿನ ಚಾರ್ಜಿಂಗ್‌ಗೆ ಬ್ಯಾಟರಿ ಸಾಕಾಗುತ್ತದೆಯೇ ಹೊರತು ಮಿಕ್ಸಿಯಂಥ ವಸ್ತುಗಳಿಗೆ ಧಕ್ಕೆಯ ಕರೆಂಟು ಬೇಕೇ ಬೇಕು. ನನ್ನ ಹೆಂಡತಿಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅಡುಗೆಯ ಒಲೆ. ಅದನ್ನು ಎರಡು ಕೀಲುಗಳ ಮೇಲೆ ತೂಗುಹಾಕಿರುತ್ತಾರೆ. ದೋಣಿ ಒಂದು ಬದಿಗೆ ವಾಲಿದಾಗ ಗೋಡೆ, ನೆಲ, ಕಪಾಟು ಎಲ್ಲವೂ ಓರೆಯಾಗುತ್ತವೆ, ಒಲೆ ಮಾತ್ರ ತೊಟ್ಟಿಲಿನಂತೆ ತೂಗಿ ಸಮನಾಗಿ ನಿಲ್ಲುತ್ತದೆ. ಅದರ ಮೇಲಿನ ಬಾಣಲೆಯಲ್ಲಿ ಚಿತ್ರಾನ್ನದ ಒಗ್ಗರಣೆ ಎಣ್ಣೆಯೂ ಅಲುಗದೆ ಚಟಪಟ ಎನ್ನುತ್ತಿದ್ದರೆ, ಪಕ್ಕದಲ್ಲಿ ನಿಂತ ಅವಳು ಒಂದು ಕೈಯಲ್ಲಿ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದಳು.

ಭಾನುವಾರ ಕಲಿಮ್ನೋಸ್‌ನ ಪೂರ್ವ ದಡದ ವಥಿ ಎಂಬಲ್ಲಿ ರಾತ್ರಿ ಕಳೆದೆವು. ಎರಡು ಬೋಳುಗುಡ್ಡಗಳ ನಡುವೆ ಓಣಿಯಂತೆ ಸಮುದ್ರ ಒಳಗೆ ನುಗ್ಗಿರುವ ಜಾಗ ಅದು, ಓಣಿ ಮುಗಿದಲ್ಲಿ ಒಮ್ಮೆಲೇ ಕಿತ್ತಳೆ ತೋಟಗಳ ಹಸಿರು ಕಾಣುತ್ತದೆ. ಸೋಮವಾರ ಲೆರೋಸ್‌ನ ಲಾಕ್ಕಿ. ಈ ದ್ವೀಪಗಳು 1912ರಿಂದ ಇಟಲಿಯ ಕೈಯಲ್ಲಿದ್ದು, ಎರಡನೆಯ ಮಹಾಯುದ್ಧದ ನಂತರವಷ್ಟೇ ಗ್ರೀಸ್‌ಗೆ ಸೇರಿದವು. 1930ರ ದಶಕದಲ್ಲಿ ನೌಕಾನೆಲೆಯ ಸಲುವಾಗಿ ಇಟಲಿಯವರು ಕಟ್ಟಿದ ಅಗಲ ರಸ್ತೆಗಳ, ದುಂಡು ಮೂಲೆಗಳ ಕಟ್ಟಡಗಳ ಆ ಊರು ಬೇರೆ ಯಾವ ಗ್ರೀಕ್ ದ್ವೀಪದಂತೆಯೂ ಇಲ್ಲ. ಎರಡೂ ಕಡೆ ಚೆನ್ನಾಗಿತ್ತು, ಆದರೆ ಎರಡಕ್ಕೂ ಫೆರಿಯಲ್ಲೇ ತಲುಪಬಹುದು, ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಲಾಕ್ಕಿಯಲ್ಲಿ ಒಂದು ಕೆಲಸ ಮಾತ್ರ ಮರೆಯಬಾರದು: ನೀರು, ದಿನಸಿ ಮತ್ತು ನಗದು ಹಣ ತುಂಬಿಸಿಕೊಳ್ಳುವುದು. ಲೆವಿಥಾದಲ್ಲಿ ಎಟಿಎಂ ಇಲ್ಲ.

ಮಂಗಳವಾರ ಬೆಳಗ್ಗೆ ಆರೂವರೆಗೆ ಹೊರಟೆವು. ಲೆರೋಸ್‌ನ ಮರೆ ದಾಟುವವರೆಗೆ ನೀರು ಕೆರೆಯಂತಿತ್ತು. ಕೊನೆಯ ಬಂಡೆ ಹಿಂದಾದದ್ದೇ ಬಲಬದಿಯಿಂದ ಗಾಳಿ ಬಂದು ಬಡಿಯಿತು, ಸ್ಕಿಪ್ಪರ್ ಎಂಜಿನ್ ನಿಲ್ಲಿಸಿದರು. ಎಂಜಿನ್ ನಿಂತ ಆ ಕ್ಷಣದ ನಿಶ್ಶಬ್ದವನ್ನೂ, ಅದರೊಳಗಿಂದ ಒಂದೊಂದಾಗಿ ಕೇಳತೊಡಗುವ ಹಗ್ಗದ ಕಿರುಗುಟ್ಟುವಿಕೆ, ಹಾಯಿಯ ಅಂಚಿನ ಪಟಪಟ, ದೋಣಿಯ ಒಡಲಿಗೆ ಉಜ್ಜಿ ಹೋಗುವ ನೀರಿನ ಸದ್ದುಗಳನ್ನೂ ನಾನು ಬಹುಕಾಲ ನೆನೆಯುತ್ತೇನೆ. ಮಲ್ಪೆಯಲ್ಲಿ ನಾನು ಕೇಳಿ ಬೆಳೆದದ್ದು ಡೀಸೆಲ್ ಎಂಜಿನ್ನಿನ ಸದ್ದನ್ನು. ಬರೀ ಗಾಳಿಯ ಬಲದಿಂದ ಮೂರೂವರೆ ಗಂಟೆ ಸಮುದ್ರದ ಮೇಲೆ ಸಾಗಿದ್ದು ಇದೇ ಮೊದಲು. ಭಾವಮೈದುನನಿಗೆ ಮಾತ್ರ ಆ ಮೂರೂವರೆ ಗಂಟೆ ಕಷ್ಟವಾಯಿತು. ‘ಭಾವ, ಇನ್ನೆಷ್ಟು ದೂರ?’ ಎಂದು ಕೇಳುವಷ್ಟಕ್ಕೆ ಅವನ ಮಾತು ನಿಂತಿತ್ತು. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವುದಕ್ಕೆ ಒಂದು ಗಂಟೆ ಮುಂಚೆ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಉಪಯೋಗವಿಲ್ಲ. ಒಳಗೆ ಹೋಗಿ ಮಲಗುವುದಕ್ಕಿಂತ ಹೊರಗೆ ಕುಳಿತು ದಿಗಂತವನ್ನೇ ನೋಡುವುದು ಮೇಲು ಎಂದು ಸ್ಕಿಪ್ಪರ್ ಹೇಳಿದ್ದೂ ನಿಜವಾಯಿತು.

ದ್ವೀಪ ಮೊದಲು ಕಂಡದ್ದು ಕಂದು ಬಣ್ಣದ ಒಂದು ತಗ್ಗು ಗೆರೆಯಾಗಿ. ಲೆಬಿಂಥೋಸ್ ಎಂಬುದು ಇದರ ಪ್ರಾಚೀನ ಹೆಸರು. ಮೇಣದ ರೆಕ್ಕೆ ಕಟ್ಟಿಕೊಂಡು ಹಾರಿದ ಇಕಾರಸ್‌ನ ಕಥೆಯನ್ನು ಹೇಳುವ, ಎರಡು ಸಾವಿರ ವರ್ಷ ಹಿಂದಿನ ಲ್ಯಾಟಿನ್ ಕಾವ್ಯದಲ್ಲಿ, ಅವನು ಸೂರ್ಯನ ಸಮೀಪಕ್ಕೆ ಏರುವ ಮುನ್ನ ಬಲಗಡೆಗೆ ಲೆಬಿಂಥೋಸ್ ಮತ್ತು ಜೇನಿಗೆ ಹೆಸರಾದ ಕಲಿಮ್ನೋಸ್ ಇದ್ದವು ಎಂದು ಬರುತ್ತದೆ. ಕಲಿಮ್ನೋಸ್‌ನ ಜೇನು ಇವತ್ತಿಗೂ ಹೆಸರುವಾಸಿ. ನಾವು ವಥಿಯಲ್ಲಿ ಕೊಂಡ ಬಾಟಲಿಯೊಂದು ದೋಣಿಯ ಕಪಾಟಿನಲ್ಲೇ ಇತ್ತು.

ಹತ್ತಿರವಾದಂತೆ ದಕ್ಷಿಣ ದಡದ ಕಲ್ಲುಗೋಡೆಯಲ್ಲಿ ಸಣ್ಣದೊಂದು ಬಾಯಿ ತೆರೆಯಿತು. ಒಳಗೆ ಹೋಗಿ ತಿರುಗಿದರೆ ಗಾಳಿಯೂ ಅಲೆಯೂ ಹೊರಗೇ ಉಳಿದು, ಎಲ್ಲ ಕಡೆ ಗುಡ್ಡ ಸುತ್ತಿದ ಕೊಲ್ಲಿಯೊಂದು ಸಿಕ್ಕಿತು. ಇಲ್ಲಿ ಲಂಗರು ಹಾಕಬೇಕಿಲ್ಲ. ದ್ವೀಪದ ಕುಟುಂಬದವರೇ ತಳಕ್ಕೆ ಭದ್ರವಾಗಿ ಕಟ್ಟಿ ತೇಲಿಬಿಟ್ಟಿರುವ ಗುಂಡುಗಳಿವೆ, ಅವುಗಳಲ್ಲಿ ಒಂದರ ಹಗ್ಗವನ್ನು ಕೊಕ್ಕೆಯ ಗಳದಿಂದ ಎತ್ತಿ ದೋಣಿಯ ಮುಂತುದಿಗೆ ಬಿಗಿದರೆ ಆಯಿತು. ಮೆಡಿಟರೇನಿಯನ್ ತಳದಲ್ಲಿ ಬೆಳೆಯುವ ಪೊಸಿಡೋನಿಯಾ ಎಂಬ ಕಡಲಹುಲ್ಲು ಮೀನಿನ ಮರಿಗಳಿಗೆ ಆಸರೆ, ಲಂಗರಿನ ಸರಪಳಿ ಎಳೆದಾಡಿದಾಗಲೆಲ್ಲ ಅದು ಬುಡಸಹಿತ ಕಿತ್ತು ಹೋಗುತ್ತದೆ ಮತ್ತು ಮತ್ತೆ ಬೆಳೆಯಲು ಬಹಳ ವರ್ಷ ಬೇಕಾಗುತ್ತದೆ. ಹಾಗಾಗಿ ಈ ತೇಲುಗುಂಡುಗಳ ವ್ಯವಸ್ಥೆ ಬಂದವರಿಗೂ ಅನುಕೂಲ, ಕೊಲ್ಲಿಗೂ ರಕ್ಷೆ. ಸಂಜೆ ಮನೆಯ ಯುವಕನೊಬ್ಬ ಸಣ್ಣ ದೋಣಿಯಲ್ಲಿ ಬಂದು ರಾತ್ರಿಯ ಶುಲ್ಕ ಪಡೆದು, ಊಟಕ್ಕೆ ಎಷ್ಟು ಜನ ಬರುತ್ತೀರಿ ಎಂದು ಕೇಳಿ ಬರೆದುಕೊಂಡು ಹೋದ. ನಾವಿಬ್ಬರು ಮಾಂಸ, ಮೀನು ತಿನ್ನುವುದಿಲ್ಲ ಎಂಬುದನ್ನು ಸ್ಕಿಪ್ಪರ್ ಗ್ರೀಕ್ ಭಾಷೆಯಲ್ಲಿ ಆಗಲೇ ತಿಳಿಸಿದರು. ಹೀಗೆ ಮುಂಚೆಯೇ ಹೇಳುವುದು ಮುಖ್ಯ, ಏಕೆಂದರೆ ಮನೆಯಲ್ಲಿ ಅಂದು ಏನಿದೆಯೋ ಅದೇ ಅಲ್ಲಿಯ ಊಟ.

ದಡಕ್ಕೆ ಹೋಗಲು ರಬ್ಬರ್ ದೋಣಿ ಇಳಿಸಿದಾಗ ಮೋಟಾರು ಹೊತ್ತಿಕೊಳ್ಳಲೇ ಇಲ್ಲ. ಸ್ಕಿಪ್ಪರ್ ಮುಚ್ಚಳ ತೆಗೆದು ನೋಡಿದರೆ ಸ್ಪಾರ್ಕ್ ಪ್ಲಗ್ ಕಪ್ಪಗೆ ಮಸಿ ಹಿಡಿದಿತ್ತು, ಪೆಟ್ರೋಲಿನಲ್ಲಿ ನೀರು ಸೇರಿತ್ತು. ನಿನ್ನೆ ಮೊನ್ನೆ ಪರೀಕ್ಷಿಸಿದ ಮೋಟಾರು ಅದಾಗಿರಲು ಸಾಧ್ಯವೇ ಇರಲಿಲ್ಲ. ಸದ್ಯ ಹುಟ್ಟುಗಳಿದ್ದವು, ಕೊಲ್ಲಿ ಶಾಂತವಾಗಿತ್ತು, ಹುಟ್ಟು ಹಾಕುವುದು ನನಗೆ ಬಾಲ್ಯದಿಂದ ಬಂದ ವಿದ್ಯೆ, ಆದ್ದರಿಂದ ತೊಂದರೆಯಾಗಲಿಲ್ಲ. ಆದರೆ ತೆರೆದ ಕೊಲ್ಲಿಯೊಂದರಲ್ಲಿ, ದಡದಿಂದ ಆಚೆಗೆ ಬೀಸುವ ಗಾಳಿಯಲ್ಲಿ ಇದೇ ಮೋಟಾರು ನಡುದಾರಿಯಲ್ಲಿ ನಿಂತಿದ್ದರೆ ಪರಿಣಾಮ ಬೇರೆಯೇ ಆಗಬಹುದಿತ್ತು. ದೋಣಿ ವಹಿಸಿಕೊಳ್ಳುವ ಯಾರೇ ಆಗಲಿ, ಕಂಪನಿಯವರು ಎಷ್ಟೇ ಅವಸರದಲ್ಲಿರಲಿ, ಈ ಮೋಟಾರನ್ನು ಅವರ ಕೈಯಿಂದಲೇ ಚಾಲೂ ಮಾಡಿಸಿ ಐದು ನಿಮಿಷ ಓಡಿಸಿ ನೋಡದೆ ಕಾಗದಕ್ಕೆ ಸಹಿ ಹಾಕಬಾರದು ಎಂದು ಒತ್ತಿ ಹೇಳುತ್ತೇನೆ.

ದಡದಿಂದ ಮನೆಗೆ ಕಲ್ಲುಗಳ ನಡುವಿನ ಕಾಲುದಾರಿಯಲ್ಲಿ ಗುಡ್ಡ ಹತ್ತಬೇಕು. ಹೆಜ್ಜೆಗೊಮ್ಮೆ ಒಣಗಿದ ಕಾಡು ಥೈಮ್ ಗಿಡ ಕಾಲಿಗೆ ತಾಗಿ, ಓಮದ ನೆನಪು ತರುವ ಖಾರದ ಪರಿಮಳ ಮೇಲೇಳುತ್ತಿತ್ತು, ಕಾಣದ ಎಲ್ಲೆಲ್ಲಿಂದಲೋ ಆಡುಗಳ ಕೊರಳ ಗಂಟೆ ಕೇಳುತ್ತಿತ್ತು. ಮನೆಯ ಮುಂದಿನ ಅಂಗಳದಲ್ಲೇ ಮೇಜುಗಳು. ಉಳಿದವರಿಗೆ ಒಲೆಯಲ್ಲಿ ಬೆಂದ ಆಡಿನ ಮಾಂಸ ಮತ್ತು ಅಂದು ಹಿಡಿದ ಮೀನು ಬಂತು. ನಮಗೆ ಬಂದದ್ದು ತೋಟದ ಟೊಮೆಟೊ, ಮನೆಯ ಆಡಿನ ಹಾಲಿನ ಚೀಸ್, ಹುರಿದ ಬದನೆ, ಮತ್ತು ಬಟ್ಟಲು ತುಂಬ ಬೇಯಿಸಿದ ಸೊಪ್ಪು. ವ್ಲೀತಾ ಎಂದು ಅವರು ಕರೆಯುವ ಆ ಸೊಪ್ಪನ್ನು ನನ್ನ ಹೆಂಡತಿ ಫೋರ್ಕಿನಿಂದ ಎತ್ತಿ, ದೀಪದ ಕೆಳಗೆ ದಂಟನ್ನು ತಿರುಗಿಸಿ ನೋಡಿ, ‘ರೀ, ಇದು ಹರಿವೆ’ ಎಂದಳು. ನಿಜಕ್ಕೂ ಅದು ನಮ್ಮ ಹರಿವೆಯ ಜಾತಿಗೇ ಸೇರಿದ್ದು. ಕರಾವಳಿಯಲ್ಲಿ ನಾವು ತೆಂಗಿನಕಾಯಿ ಹಾಕಿ ಮಾಡುವುದನ್ನು ಅವರು ಬರೀ ನೀರಿನಲ್ಲಿ ಬೇಯಿಸಿ, ಆಲಿವ್ ಎಣ್ಣೆ ಮತ್ತು ನಿಂಬೆರಸ ಹಾಕಿ ತಣ್ಣಗೆ ಬಡಿಸುತ್ತಾರೆ. ಮನೆಯೊಡತಿ ಎರಡನೆಯ ಬಾರಿ ಬಟ್ಟಲು ತುಂಬಿಸಿ ತಂದಿಟ್ಟರು, ಅದಕ್ಕೆ ಬೇರೆ ಹಣ ಹಿಡಿಯಲಿಲ್ಲ. ಆ ವಾರದ ಊಟಗಳಲ್ಲಿ ನನಗೆ ರುಚಿ ನಾಲಿಗೆಯ ಮೇಲೆ ಉಳಿದಿರುವುದು ಇದೊಂದೇ. ಬೆಲೆಯೂ ಲೆರೋಸ್‌ನ ಧಕ್ಕೆಯ ಮೇಲಿನ ಹೋಟೆಲಿಗಿಂತ ಹೆಚ್ಚಿರಲಿಲ್ಲ, ಪ್ರತಿ ಸಾಮಾನನ್ನೂ ಇಲ್ಲಿಗೆ ದೋಣಿಯಲ್ಲಿ ತರಬೇಕಾದ ಕಷ್ಟವನ್ನು ನೋಡಿದರೆ ಅದು ತೀರ ನ್ಯಾಯವಾದ ಬೆಲೆ. ಇಳಿಯುವಾಗ ಟಾರ್ಚ್ ಬೇಕಾಗುತ್ತದೆ, ದಾರಿಯಲ್ಲಿ ದೀಪಗಳಿಲ್ಲ.

ಬುಧವಾರ ಉತ್ತರಕ್ಕೆ ಪಾತ್ಮೋಸ್‌ಗೆ ಹೋಗಬೇಕೆಂಬುದು ನಮ್ಮ ಯೋಜನೆಯಾಗಿತ್ತು. ಬೆಳಗ್ಗೆ ಏಳುವಷ್ಟರಲ್ಲಿ ಗುಡ್ಡದ ಮೇಲಿಂದ ಗಾಳಿಯ ಹೋ ಎಂಬ ಸದ್ದು ಬರುತ್ತಿತ್ತು. ಮುನ್ಸೂಚನೆಯಲ್ಲಿ ಬೋಫರ್ಟ್ ಮಾಪನದ 7, ಅಂದರೆ ಗಂಟೆಗೆ 50ರಿಂದ 61 ಕಿಲೋಮೀಟರ್ ವೇಗದ ಗಾಳಿ. ಇದೇ ಮೆಲ್ಟೆಮಿ. ಜುಲೈ, ಆಗಸ್ಟ್‌ಗಳಲ್ಲಿ ಜೋರಾಗಿದ್ದು ಸೆಪ್ಟೆಂಬರ್ ಕಳೆದಂತೆ ಇಳಿಯುವ ಈ ಒಣಗಾಳಿಗೆ ಮೋಡವೂ ಇಲ್ಲ, ಮಳೆಯೂ ಇಲ್ಲ. ಆಕಾಶ ನೀಲಿಯಾಗಿಯೇ ಇರುತ್ತದೆ, ಸಮುದ್ರ ಬೆಳ್ಳಗೆ ನೊರೆ ಕಾರುತ್ತದೆ. ಇದಕ್ಕೂ ನಮ್ಮ ಮುಂಗಾರಿಗೂ ಸಂಬಂಧವಿದೆ ಎಂಬುದು ಹವಾಮಾನ ವಿಜ್ಞಾನಿಗಳು ತೋರಿಸಿಕೊಟ್ಟ ಸಂಗತಿ. ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಉಂಟಾಗುವ ಕಡಿಮೆ ಒತ್ತಡದ ವಲಯ ಭಾರತದಿಂದ ಪಶ್ಚಿಮಕ್ಕೆ ಟರ್ಕಿಯವರೆಗೂ ಚಾಚಿಕೊಳ್ಳುತ್ತದೆ, ಬಾಲ್ಕನ್ ನಾಡುಗಳ ಮೇಲಿನ ಹೆಚ್ಚು ಒತ್ತಡಕ್ಕೂ ಇದಕ್ಕೂ ಇರುವ ವ್ಯತ್ಯಾಸದಿಂದಲೇ ಏಜಿಯನ್ ಮೇಲೆ ಈ ಉತ್ತರದ ಗಾಳಿ ಏಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಯಾಂತ್ರೀಕೃತ ದೋಣಿಗಳು ಧಕ್ಕೆ ಬಿಡದೆ ಸಾಲಾಗಿ ನಿಂತಿರುವುದನ್ನು ನೋಡುತ್ತ ಬೆಳೆದ ನನಗೆ, ಅದೇ ಬಿಸಿನೆಲದ ಸೆಳೆತ ಅಷ್ಟು ದೂರದ ಕೊಲ್ಲಿಯಲ್ಲೂ ದೋಣಿಗಳನ್ನು ಕಟ್ಟಿಹಾಕುತ್ತದೆ ಎಂಬುದು ತುಂಬ ಆಪ್ತವೆನಿಸಿತು.

6ಕ್ಕಿಂತ ಹೆಚ್ಚಿನ ಗಾಳಿಯಲ್ಲಿ ಹೊರಡಬಾರದೆಂದು ನಮ್ಮ ಒಪ್ಪಂದದಲ್ಲೇ ಇತ್ತು, ಸ್ಕಿಪ್ಪರ್ ಚರ್ಚೆಗೆ ಅವಕಾಶವನ್ನೇ ಕೊಡಲಿಲ್ಲ. ಪಾತ್ಮೋಸ್ ಕೈಬಿಟ್ಟಿತು. ಅಲ್ಲಿಯ 1088ರಲ್ಲಿ ಸ್ಥಾಪನೆಯಾದ ಸಂತ ಯೋಹಾನನ ಮಠವನ್ನು ನೋಡಬೇಕೆಂಬ ಆಸೆ ನನ್ನ ಹೆಂಡತಿಗೆ ಬಹಳವಿತ್ತು, ಅವಳಿಗೆ ಬೇಸರವಾಯಿತು. ಆದರೆ ಆ ದಿನ ಸಿಕ್ಕಿದ್ದರಿಂದಲೇ ದ್ವೀಪವನ್ನು ಸರಿಯಾಗಿ ನಡೆದು ನೋಡಿದೆವು. ಮಧ್ಯಾಹ್ನ ಉತ್ತರದ ಬಂಡೆಗಳ ಅಂಚಿನಲ್ಲಿ ನಿಂತರೆ ಉಪ್ಪಿನ ತುಂತುರು ಮುಖಕ್ಕೆ ಬಡಿಯುತ್ತಿತ್ತು. ಈ ನೀರಿನ ತಳದಲ್ಲಿ ಪ್ರಾಚೀನ ಹಡಗುಗಳ ಅವಶೇಷಗಳಿವೆ. 2019ರಲ್ಲಿ ಗ್ರೀಸ್‌ನ ಜಲಾಂತರ್ಗತ ಪುರಾತತ್ವ ಇಲಾಖೆ ಇಲ್ಲಿ ಶೋಧ ನಡೆಸಿದಾಗ, ಕ್ರಿ.ಪೂ. 6ನೆಯ ಶತಮಾನದ್ದೆಂದು ಗುರುತಿಸಲಾದ, ಸುಮಾರು 400 ಕಿಲೋ ತೂಕದ ಲಂಗರಿನ ಕಲ್ಲಿನ ಅಡ್ಡದಂಡವೂ ಸಿಕ್ಕಿತು. ಅಷ್ಟು ದೊಡ್ಡ ಲಂಗರು ಬೇಕಾದ ಹಡಗಿನವರೂ ಇದೇ ಗಾಳಿಗೆ ಹೆದರಿ ಈ ದ್ವೀಪದ ಮರೆಯನ್ನು ಹುಡುಕಿ ಬಂದಿರಬಹುದು ಎಂದು ಆ ಅಂಚಿನಲ್ಲಿ ನಿಂತಾಗ ನನಗೆ ಅನ್ನಿಸಿತು. ಆ ರಾತ್ರಿ ಮತ್ತೆ ಅದೇ ಅಂಗಳ, ಅದೇ ಹರಿವೆ.

ಗುರುವಾರ ಗಾಳಿ 5ಕ್ಕೆ ಇಳಿಯಿತು. ನಸುಕಿನಲ್ಲೇ ಹೊರಟು, ಅರ್ಧ ಸುತ್ತಿದ ಹಾಯಿಯಲ್ಲಿ, ಎಡಬದಿಯಿಂದ ಬರುವ ದೊಡ್ಡ ಅಲೆಗಳನ್ನು ಹತ್ತಿ ಇಳಿಯುತ್ತ ಕಲಿಮ್ನೋಸ್ ಎದುರಿನ ತೆಲೆಂದೋಸ್ ತಲುಪಿದೆವು. ಶುಕ್ರವಾರ ಸಂಜೆ ಕೋಸ್. ದೋಣಿಯನ್ನು ಮರಳಿಸುವಾಗ ಮೋಟಾರಿನ ದುರಸ್ತಿಗೆಂದು ಠೇವಣಿಯಿಂದ 150 ಯೂರೊ ಹಿಡಿಯಲು ಕಂಪನಿಯವರು ಮುಂದಾದರು. ಮಂಗಳವಾರವೇ ಸ್ಕಿಪ್ಪರ್ ಕಪ್ಪು ಹಿಡಿದ ಪ್ಲಗ್ಗಿನ ಮತ್ತು ನೀರು ಸೇರಿದ ಪೆಟ್ರೋಲಿನ ಚಿತ್ರ ತೆಗೆದು ಅವರಿಗೆ ಸಂದೇಶ ಕಳಿಸಿದ್ದರಿಂದ ಅವರ ವಾದ ನಿಲ್ಲಲಿಲ್ಲ, ಹಣ ಪೂರ್ತಿ ಬಂತು. ಕ್ಷಮೆ ಕೇಳುವ ಒಂದು ಮಾತು ಮಾತ್ರ ಬರಲಿಲ್ಲ. ದೋಣಿಗೆ ಹೋಲಿಸಿದರೆ ಸೇವೆಗೆ ನಾನು ಕಡಿಮೆ ಅಂಕ ಕೊಡುವುದು ಆ ಮೋಟಾರಿಗಿಂತ ಹೆಚ್ಚಾಗಿ ಈ ನಡವಳಿಕೆಗೆ.

ಯಾರಿಗೆ ಈ ಪ್ರವಾಸವನ್ನು ಶಿಫಾರಸು ಮಾಡಬಹುದು ಎಂದರೆ, ಇಕ್ಕಟ್ಟಿನ ಜಾಗದಲ್ಲಿ ಹೊಂದಿಕೊಂಡು ಹೋಗಬಲ್ಲ, ಮೊಣಕಾಲು ಗಟ್ಟಿ ಇರುವ, ಇಂತಿಂಥ ದಿನ ಇಂತಿಂಥ ಊರನ್ನು ನೋಡಲೇಬೇಕೆಂದು ಪಟ್ಟು ಹಿಡಿಯದ ನಾಲ್ಕೈದು ಜನರ ಗುಂಪಿಗೆ. ವಯಸ್ಸಾದ ತಂದೆ ತಾಯಿಯರನ್ನು ಕರೆದೊಯ್ಯುವ ಯೋಚನೆಯಿದ್ದರೆ ಬೇಡ ಎನ್ನುತ್ತೇನೆ, ಧಕ್ಕೆಗೂ ದೋಣಿಗೂ ನಡುವಿನ ಹಲಗೆಯ ಮೇಲೆ ನಡೆಯುವುದೇ ಅವರಿಗೆ ದಿನನಿತ್ಯದ ಭಯವಾಗುತ್ತದೆ. ಫೆರಿ ಹೋಗುವ ದ್ವೀಪಗಳನ್ನಷ್ಟೇ ನೋಡುವುದಿದ್ದರೆ ಇಷ್ಟು ಖರ್ಚು ಮಾಡಬೇಡಿ. ಲೆವಿಥಾದಂಥ ಜಾಗಕ್ಕೆ ಹೋಗುವುದಾದರೆ ವಾರದಲ್ಲಿ ಕನಿಷ್ಠ ಒಂದು ದಿನವನ್ನು ಗಾಳಿಗಾಗಿ ಖಾಲಿ ಬಿಟ್ಟು ಯೋಜನೆ ಹಾಕಿ, ಆ ದಿನ ಗಾಳಿ ಬಾರದಿದ್ದರೆ ದ್ವೀಪದಲ್ಲಿ ಇನ್ನೊಂದು ರಾತ್ರಿ ಉಳಿಯಲು ಅದು ಒದಗುತ್ತದೆ.

ನಾವು ಮುಂದಿನ ಬಾರಿಗೆ ಮೆಲ್ಟೆಮಿ ಇನ್ನೂ ಬಲಿಯದ ಜೂನ್ ಮೊದಲ ವಾರವನ್ನು ಆರಿಸಿಕೊಂಡಿದ್ದೇವೆ. ಕಂಪನಿ ಬೇರೆ, ಸ್ಕಿಪ್ಪರ್ ಅವರೇ. ಬರಲು ಅವರು ಒಪ್ಪಿದ್ದಾರೆ, ಶನಿವಾರ ಸಂಜೆ ಮೊದಲು ರಬ್ಬರ್ ದೋಣಿಯ ಮೋಟಾರು, ಆಮೇಲೆ ಉಳಿದದ್ದು ಎಂದು ಬರೆದಿದ್ದಾರೆ.